ಚಿಟ್ಟೆಯ ಉಂಗುರ ಎಣಿಸಲು ಯಾವ ಕ್ಯಾಮೆರಾ?

ನಮ್ಮ ಅಡಿಕೆ ತೋಟದ ಅಂಚಿನ ಹುಲ್ಲಿನಲ್ಲಿ ಕಂದು ಬಣ್ಣದ ಪುಟ್ಟ ಚಿಟ್ಟೆಗಳು ತುಂಬಾ ಇವೆ. ಹತ್ತಿರ ಹೋದರೆ ಎದ್ದು, ಎರಡು ಮಾರು ಹಾರಿ, ಮತ್ತೆ ಕೂರುತ್ತವೆ. ಎಲ್ಲವೂ ಒಂದೇ ಜಾತಿ ಅಂದುಕೊಂಡಿದ್ದೆ. ಅಲ್ಲ, ಅವುಗಳಲ್ಲಿ ಕಾಮನ್ ಫೋರ್‌ರಿಂಗ್ ಬೇರೆ, ಕಾಮನ್ ಫೈವ್‌ರಿಂಗ್ ಬೇರೆ. ರೆಕ್ಕೆ ಮಡಚಿ ಕೂತಾಗ ಹಿಂದಿನ ರೆಕ್ಕೆಯ ಅಡಿಭಾಗದಲ್ಲಿ ಹಳದಿ ಅಂಚಿನ ಉಂಗುರಗಳು ಕಾಣುತ್ತವೆ. ಫೋರ್‌ರಿಂಗ್‌ಗೆ ನಾಲ್ಕು. ಫೈವ್‌ರಿಂಗ್‌ಗೆ ಅದಕ್ಕಿಂತ ಜಾಸ್ತಿ, ಅವೂ ಜೋಡಿ ಜೋಡಿಯಾಗಿ. ಉಂಗುರ ಎಣಿಸಲು ಬಂದರೆ ಆ ಫೋಟೋ ನಮ್ಮ ತೋಟದ ದಾಖಲೆ.

ಹುಲಿಯ ಲೆಕ್ಕವೂ ಹೀಗೆಯೇ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದುಹೋದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾ) ಇಟ್ಟು ಹುಲಿಗಳ ಸಂಖ್ಯೆ ಅಂದಾಜು ಮಾಡಿದ್ದು ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಗುರುತಿಸಿಯೇ. ಆ ವಿಧಾನ 1995ರಲ್ಲಿ ಪ್ರಕಟವಾಯಿತು. ಒಂದೇ ಹುಲಿಯ ಎಡ ಮಗ್ಗುಲಿನ ಪಟ್ಟೆ ಬಲ ಮಗ್ಗುಲಿನಂತೆ ಇರುವುದಿಲ್ಲ. ಅದಕ್ಕೇ ದಾರಿಯ ಎರಡೂ ಬದಿಗೆ ಕ್ಯಾಮೆರಾ ಇಡುತ್ತಾರೆ.

ಹೋದ ವರ್ಷ ಮಳೆ ನಿಂತ ಮೇಲೆ ಈ ಚಿಟ್ಟೆಗಳನ್ನು ಮೂರು ಬಗೆಯಲ್ಲಿ ತೆಗೆದು ನೋಡಿದೆ: ಬರೀ ಮೊಬೈಲು, ಮೊಬೈಲಿಗೆ ಸಿಕ್ಕಿಸುವ ಕ್ಲಿಪ್ ಲೆನ್ಸ್, ಮತ್ತು ಹಳೆಯ ಡಿಎಸ್‌ಎಲ್‌ಆರ್‌ಗೆ 90 ಎಂಎಂ ಮ್ಯಾಕ್ರೋ ಲೆನ್ಸ್, ಅಂದರೆ ಪುಟ್ಟ ವಸ್ತುಗಳನ್ನು ದೊಡ್ಡದಾಗಿ ತೆಗೆಯುವ ಲೆನ್ಸ್.

ಬರೀ ಮೊಬೈಲಿನಲ್ಲಿ ಚಿಟ್ಟೆ ಸಿಗುತ್ತದೆ, ಉಂಗುರ ಸಿಗುವುದಿಲ್ಲ. ಒಂದಡಿ ದೂರದಿಂದ ತೆಗೆದು ದೊಡ್ಡದು ಮಾಡಿದರೆ ಎರಡು ಉಂಗುರ ಸೇರಿ ಒಂದು ಮಸಿ ಚುಕ್ಕೆಯಾಗಿರುತ್ತದೆ. ಮೊಬೈಲು ತಾನೇ ಚಿತ್ರವನ್ನು ನುಣುಪು ಮಾಡುತ್ತದಲ್ವಾ, ಅದರಲ್ಲಿ ಸಣ್ಣ ಗೆರೆಗಳು ಮೊದಲು ಹೋಗುತ್ತವೆ. ಆದರೆ ದಿನಾಂಕ, ಜಾಗ ಎರಡೂ ತಾನಾಗಿಯೇ ದಾಖಲಾಗುತ್ತವೆ. ಜೀವಿಗಳ ಫೋಟೋ ಹಾಕಿ ಗುರುತಿಸುವ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಹಾಕುವಾಗ ಈ ಎರಡೂ ಇಲ್ಲದಿದ್ದರೆ ಎಷ್ಟು ಒಳ್ಳೆಯ ಫೋಟೋ ಆದರೂ ಸಂಶೋಧನೆಯ ದರ್ಜೆಗೆ (ರಿಸರ್ಚ್ ಗ್ರೇಡ್) ಏರುವುದಿಲ್ಲ.

ಕ್ಲಿಪ್ ಲೆನ್ಸ್ ನನಗೆ ಅಚ್ಚರಿ ಕೊಟ್ಟಿತು. ಅಡಿಕೆ ಮರದ ಮೇಲಿನ ಕಲ್ಲುಹೂವನ್ನು ಅದರಲ್ಲಿ ನೋಡಬೇಕು. ಬೂದು ಪದರದ ಅಂಚು, ನಡುವೆ ಪುಟ್ಟ ಬಟ್ಟಲುಗಳು, ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತವೆ. ಚಿಟ್ಟೆಗೆ ಮಾತ್ರ ಕಷ್ಟ. ಎರಡು ಬೆರಳು ದೂರಕ್ಕೆ ಹೋಗಬೇಕು, ಅಷ್ಟರಲ್ಲಿ ನಮ್ಮ ನೆರಳು ಬಿದ್ದು ಅದು ಹಾರಿರುತ್ತದೆ. ದಾರಿ ಇದೆ: ಬೆಳಗ್ಗೆ ಬಿಸಿಲು ಏರುವ ಮೊದಲೇ ಹೋಗಿ. ಇಬ್ಬನಿ ಹೊತ್ತು ಹುಲ್ಲಿಗೆ ಅಂಟಿಕೊಂಡ ಚಿಟ್ಟೆ ಅಲ್ಲಾಡುವುದಿಲ್ಲ. ಲೆನ್ಸಿನ ಅಂಚಿನಲ್ಲಿ ಎಲ್ಲವೂ ಕಲಸಿಹೋಗುತ್ತದೆ, ಹಾಗಾಗಿ ರೆಕ್ಕೆ ನಟ್ಟನಡುವೆ ಇರಲಿ.

ಡಿಎಸ್‌ಎಲ್‌ಆರ್‌ನಲ್ಲಿ ಒಂದೂವರೆ ಅಡಿ ದೂರದಿಂದಲೇ ಉಂಗುರದ ಒಳಗಿನ ಬೆಳ್ಳಿ ಚುಕ್ಕೆಯೂ ಬರುತ್ತದೆ. ಆದರೆ ಮೊದಲ ವಾರದ ಫೋಟೋಗಳೆಲ್ಲ ಹಾಳು. ಹಿನ್ನೆಲೆ ಚೆನ್ನಾಗಿ ಮಸುಕಾಗಲಿ ಅಂತ ಲೆನ್ಸಿನ ಕಿಂಡಿ ಪೂರ್ತಿ ತೆರೆದು ಎಫ್ 2.8ರಲ್ಲಿ ತೆಗೆದಿದ್ದೆ. ಒಂದು ಉಂಗುರ ಸ್ಪಷ್ಟ, ಉಳಿದವು ಮಂಜು. ಆಮೇಲೆ ಕಿಂಡಿ ಕಿರಿದು ಮಾಡಿ ಎಫ್ 11ಕ್ಕೆ ತಂದೆ. ಮೊಣಕಾಲೂರಿ, ಕ್ಯಾಮೆರಾವನ್ನು ರೆಕ್ಕೆಗೆ ಸರಿಸಮವಾಗಿ, ಗೋಡೆಗೆ ಗೋಡೆ ಎದುರಾದ ಹಾಗೆ ಹಿಡಿದೆ. ಆಗ ನಾಲ್ಕೂ ಉಂಗುರ ಒಟ್ಟಿಗೆ ಬಂದವು. ಈ ಕ್ಯಾಮೆರಾದಲ್ಲಿ ಜಿಪಿಎಸ್ ಇಲ್ಲ, ಅದೊಂದು ತೊಂದರೆ. ಅದಕ್ಕೆ ಅದೇ ಜಾಗದಲ್ಲಿ ಮೊಬೈಲಿನಿಂದಲೂ ಒಂದು ಫೋಟೋ ತೆಗೆದುಕೊಳ್ಳುತ್ತೇನೆ.

ಫೆಬ್ರವರಿಯಲ್ಲಿ ಅಣ್ಣನ ಮಗಳು ಪರದೆ ನೋಡಿ, "ಚಿಕ್ಕಪ್ಪ, ಇದರಲ್ಲಿ ಉಂಗುರವೇ ಇಲ್ವಲ್ಲ?" ಅಂದಳು. ನಿಜ. ಬೇಸಿಗೆಯ ಪೀಳಿಗೆಯಲ್ಲಿ ಉಂಗುರಗಳು ಕುಗ್ಗಿ ಸಾಸಿವೆಗಿಂತ ಸಣ್ಣ ಚುಕ್ಕೆಗಳಾಗುತ್ತವೆ. ಒಣಗಿದ ಎಲೆಯ ನಡುವೆ ಚಿಟ್ಟೆ ಎಲೆಯಂತೆಯೇ ಕಾಣುತ್ತದೆ. ಆ ಚುಕ್ಕೆಗಳನ್ನು ಎಣಿಸಲು ಬಂದದ್ದು ಡಿಎಸ್‌ಎಲ್‌ಆರ್‌ನಲ್ಲಿ ಮಾತ್ರ.

ಹೊಸದಾಗಿ ಶುರು ಮಾಡುವವರಿಗೆ ನಾನು ಕ್ಲಿಪ್ ಲೆನ್ಸನ್ನೇ ಹೇಳುತ್ತೇನೆ. ಮಳೆಗಾಲದ ಆರು ತಿಂಗಳು ಅದರಲ್ಲೇ ಕೆಲಸ ನಡೆಯುತ್ತದೆ, ಚಿಟ್ಟೆಯ ಹುಚ್ಚು ಹಿಡಿದರೆ ದೊಡ್ಡ ಕ್ಯಾಮೆರಾ ಆಮೇಲೆ ನೋಡಿದರಾಯಿತು. ಬಯಲುಸೀಮೆಯವರಿಗೆ ಒಂದು ಕೋರಿಕೆ: ನಕ್ಷತ್ರ ಆಮೆ ಕಂಡರೆ ಚಿಪ್ಪಿನ ಗೆರೆಗಳ ಫೋಟೋ ತೆಗೆಯಿರಿ, ಆದರೆ ಊರಿನ ಹೆಸರು ಹಾಕಿ ಗ್ರೂಪುಗಳಿಗೆ ಕಳಿಸಬೇಡಿ. ಅದನ್ನು ಕದ್ದು ಮಾರುವವರಿದ್ದಾರೆ. ಐನ್ಯಾಚುರಲಿಸ್ಟ್‌ನಲ್ಲಿ ಹಾಕುವಾಗ ಜಾಗ ಮರೆಮಾಡುವ ಆಯ್ಕೆ ಇದೆ, ಅದನ್ನು ಒತ್ತಿ.