ಕಡ್ಡಿ, ತಂತಿ, ಬಳೆ: ದೂರದ ಏಷ್ಯಾದ ನಿಲಯಗಳಿಗೆ ಯಾವುದು ಸರಿ?

ಪ್ಯೊಂಗ್‌ಯಾಂಗ್, ಉಲಾನ್‌ಬಾತರ್, ತೈಪೆ, ಟೋಕಿಯೊಗಳ ಪ್ರಸಾರವನ್ನು ಶಾರ್ಟ್‌ವೇವ್‌ನಲ್ಲಿ ಹುಡುಕುವ ಗೀಳಿನವರು ಸೇರಿದರೆ ಮಾತು ಬೇಗನೆ ರೇಡಿಯೊ ಮಾದರಿಗಳತ್ತ ಹೊರಳುತ್ತದೆ. ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಬ್ಯಾಂಡ್‌ವಿಡ್ತ್ (ಒಮ್ಮೆಗೆ ಕೇಳಿಸುವ ಕಂಪನಾಂಕಗಳ ಅಗಲ) ಕಿರಿದು ಮಾಡಲು ಬರುವ, ಸಿಗ್ನಲ್‌ನ ಒಂದೇ ಪಕ್ಕವನ್ನು ಆರಿಸಿ ಕೇಳುವ ಸಿಂಗಲ್ ಸೈಡ್‌ಬ್ಯಾಂಡ್ ಸೌಲಭ್ಯವಿರುವ ಈಗಿನ ಸಣ್ಣ ರೇಡಿಯೊಗಳಲ್ಲಿ ಒಂದಕ್ಕೊಂದು ಅಂಥ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಅದಕ್ಕೆ ಯಾವ ಆಂಟೆನಾ ಸಿಕ್ಕಿಸುತ್ತೀರಿ ಎಂಬುದರಲ್ಲಿ. ಒಂದೇ ರೇಡಿಯೊಗೆ ಅದರದೇ ಕಡ್ಡಿ, ಉದ್ದ ತಂತಿ, ಬಳೆಯಾಕಾರದ ಲೂಪ್ ಮೂರನ್ನೂ ಬದಲಿಸಿ ಕೇಳಿದ್ದೇನೆ. ಕಂಪ್ಯೂಟರಿಗೆ ಚುಚ್ಚುವ ಎಸ್‌ಡಿಆರ್ ಡಾಂಗಲ್ (ಹೆಚ್ಚಿನ ಕೆಲಸವನ್ನು ತಂತ್ರಾಂಶಕ್ಕೆ ಬಿಡುವ ಪುಟ್ಟ ರೇಡಿಯೊ) ಮತ್ತು ಬೇರೆಯವರು ಅಂತರ್ಜಾಲಕ್ಕೆ ಜೋಡಿಸಿಟ್ಟ ರಿಸೀವರ್‌ಗಳನ್ನೂ ಬಳಸಿದ್ದೇನೆ.

ಹೋಲಿಕೆಗೆ ಹಾಡು, ಸುದ್ದಿ ಪ್ರಯೋಜನವಿಲ್ಲ. ದನಿ ಏರಿಳಿಯುತ್ತದೆ, ಕಿವಿ ಮೋಸ ಹೋಗುತ್ತದೆ. ನಾನು ನೆಚ್ಚಿಕೊಂಡಿದ್ದು 10,000 ಕಿಲೋಹರ್ಟ್ಸ್. ಚೀನಾದ ಪುಚೆಂಗ್‌ನಿಂದ ಬಿಪಿಎಂ ಎಂಬ ಸಮಯ ನಿಲಯ ಅಲ್ಲಿ ಸೆಕೆಂಡಿಗೊಮ್ಮೆ ಟಿಕ್ ಎನ್ನುತ್ತಿರುತ್ತದೆ. ಗಂಟೆಯ 29 ಮತ್ತು 59ನೆಯ ನಿಮಿಷದಲ್ಲಿ ಮೋರ್ಸ್ ಸಂಕೇತ, ಅದರ ಹಿಂದೆಯೇ ಚೀನೀ ಭಾಷೆಯಲ್ಲಿ ಹೆಣ್ಣುದನಿ. ಅಮೆರಿಕದ ಕೊಲೊರಾಡೊ ಮತ್ತು ಹವಾಯಿಯ ಸಮಯ ನಿಲಯಗಳೂ ಇದೇ ಜಾಗದಲ್ಲಿರುವುದರಿಂದ ಆ ಚೀನೀ ಹೆಣ್ಣುದನಿ ಬಂದರೆ ಚೀನಾ ಎಂದು ಖಚಿತ. ಟಿಕ್ ನಿಮಿಷಗಟ್ಟಲೆ ಒಂದೇ ಸಮನೆ ಬರುವುದರಿಂದ ಆಂಟೆನಾ ಬದಲಿಸಿದ ಕ್ಷಣದಲ್ಲೇ ತೀರ್ಪು ಕೇಳಿಸುತ್ತದೆ.

ಮನೆಯೊಳಗೆ ಕಡ್ಡಿ ಆಂಟೆನಾಗೆ ಸಿಗುವುದು ಹೆಚ್ಚಾಗಿ ಚಾರ್ಜರ್ ಮತ್ತು ಎಲ್‌ಇಡಿ ದೀಪಗಳ ಗೊರಗೊರ. ಕಾಶ್ಗರ್‌ನಿಂದ ಬರುವ ಚೀನಾ ರೇಡಿಯೊ ಇಂಟರ್‌ನ್ಯಾಷನಲ್‌ನಂಥ ಗಟ್ಟಿ ದನಿಗೆ ಅಷ್ಟೇ ಸಾಕು, ಬಿಪಿಎಂಗೆ ಸಾಲದು. ಅದೇ ರೇಡಿಯೊವನ್ನು ಬ್ಯಾಟರಿ ಮೇಲೆ, ವಿದ್ಯುತ್ ತಂತಿಗಳಿಂದ ದೂರದ ಬಯಲಿಗೆ ಒಯ್ದರೆ ಟಿಕ್ ಬಿಡಿಬಿಡಿಯಾಗಿ ಕೇಳುತ್ತದೆ. ಕಾಸು ಖರ್ಚಿಲ್ಲದೆ ಸಿಗುವ ಈ ಸುಧಾರಣೆಯನ್ನು ನಮ್ಮಲ್ಲಿ ಅನೇಕರು ಕಡೆಗಣಿಸುತ್ತಾರೆ. ಬಯಲಿಗೆ ನಡೆಯುವುದಕ್ಕಿಂತ ಹೊಸ ಉಪಕರಣದ ಪೆಟ್ಟಿಗೆ ತರಿಸುವುದು ಸುಲಭವಲ್ಲವೇ.

ತಂತಿ ಕಟ್ಟಿದಾಗ ಮೊದಲು ಖುಷಿ ಕೊಡುವುದು ಸಿಗ್ನಲ್ ಮೀಟರ್. ಅಂಕಿ ಜಿಗಿಯುತ್ತದೆ, ಗದ್ದಲವೂ ಅಷ್ಟೇ ಜಿಗಿಯುತ್ತದೆ. ಮನೆಗೆ ಒತ್ತಿಕೊಂಡು ಸಾಗುವ ತಂತಿ ಮನೆಯ ಸದ್ದನ್ನೇ ಮೊದಲು ಹೀರುತ್ತದೆ. ಸಣ್ಣ ರೇಡಿಯೊಗಳ ಒಳಮಂಡಲ ಅಷ್ಟು ಬಲ ತಾಳದೆ, ಇಲ್ಲದ ಜಾಗದಲ್ಲಿ ಇಲ್ಲದ ನಿಲಯಗಳನ್ನು ಹುಟ್ಟಿಸುತ್ತದೆ. ಆದರೆ ತಂತಿಯ ತುದಿಯನ್ನು ಮನೆಯಿಂದ ದೂರಕ್ಕೆ ಒಯ್ದು, ಅಲ್ಲೇ ತಂತಿಯನ್ನು ಕೇಬಲ್‌ಗೆ ಹೊಂದಿಸುವ 9:1 ಟ್ರಾನ್ಸ್‌ಫಾರ್ಮರ್ ಕೂರಿಸಿ, ಭೂಮಿಗೆ ಸರಳು ನೆಟ್ಟು, ಕೋಯಾಕ್ಸಿಯಲ್ ಕೇಬಲ್‌ನಲ್ಲಿ ಒಳಗೆ ತಂದರೆ ಕಥೆಯೇ ಬೇರೆ. 49 ಮೀಟರ್ (ಸುಮಾರು 6 ಮೆಗಾಹರ್ಟ್ಸ್) ಮತ್ತು ಅದಕ್ಕಿಂತ ಕೆಳಗಿನ ಕಂಪನಾಂಕದ ಬ್ಯಾಂಡ್‌ಗಳಲ್ಲಿ ನನಗೆ ಇದಕ್ಕೆ ಸಾಟಿ ಸಿಕ್ಕಿಲ್ಲ. ಜಾಗ ಬೇಕು, ಗುಡುಗಿನ ಸೂಚನೆ ಕಂಡೊಡನೆ ಕಳಚುವ ಶಿಸ್ತೂ ಬೇಕು.

ಇನ್ನು ಬಳೆಯಾಕಾರದ ಲೂಪ್. ಸುಮಾರು ಮೀಟರ್ ಅಗಲದ ಲೋಹದ ಸುತ್ತು, ಬುಡದಲ್ಲಿ ಪುಟ್ಟ ಆಂಪ್ಲಿಫೈಯರ್. ಸಿಗ್ನಲ್ ಮೀಟರ್ ತಂತಿ ಕಟ್ಟಿದಾಗಿನಷ್ಟು ಏರುವುದಿಲ್ಲ, ಅದನ್ನೇ ನೋಡಿ ಇದನ್ನು ಕೈಬಿಟ್ಟವರಿದ್ದಾರೆ. ಕೈಯಲ್ಲಿ ಹಿಡಿದು ಮೆಲ್ಲನೆ ತಿರುಗಿಸಬೇಕು. ಒಂದು ಕೋನದಲ್ಲಿ ಎಲ್‌ಇಡಿ ದೀಪದ ಗೊರಗೊರ ಸಣ್ಣಗಾಗಿ, ಇನ್ನೊಂದು ಎರಡು ಬೆರಳು ತಿರುಗಿಸಿದರೆ ತಟ್ಟನೆ ಕುಸಿಯುತ್ತದೆ. ಅದರಡಿಯಿಂದ ಟಿಕ್, ಟಿಕ್. ಇನ್ನೂ ತುಸು ತಿರುಗಿಸಿ, ಗೊರಗೊರ ಮರಳಿ ಬರುತ್ತದೆ. ಬಳೆಯ ಅಕ್ಷದ ನೇರಕ್ಕಿರುವ ಸದ್ದಿಗೆ ಅದು ಕಿವುಡು. ಪಕ್ಕದ ಕೋಣೆಯ ಗದ್ದಲ ಒಂದು ದಿಕ್ಕಿನಿಂದ ಬರುವುದರಿಂದ ಆ ಕಿವುಡಿಗೆ ಬೀಳುತ್ತದೆ. ರೇಡಿಯೊ ಅಲೆಗಳನ್ನು ಭೂಮಿಗೆ ಮರಳಿಸುವ ಮೇಲಿನ ವಾತಾವರಣದ ಪದರ, ಅಯಾನುಗೋಳದಿಂದ ಇಳಿಜಾರಾಗಿ ಇಳಿಯುವ ದೂರದ ನಿಲಯ ಅಷ್ಟು ಸುಲಭಕ್ಕೆ ಬೀಳುವುದಿಲ್ಲ. ಮನೆಯಲ್ಲೇ ಕೂತು ಕೇಳುವವರಿಗೆ ನನ್ನ ಮತ ಇದಕ್ಕೇ. ಆಂಪ್ಲಿಫೈಯರ್‌ಗೆ ಮಾತ್ರ ಪವರ್ ಬ್ಯಾಂಕ್ ಕೊಡಿ. ಗೋಡೆಯ ಚಾರ್ಜರ್ ಕೊಟ್ಟರೆ ಓಡಿಸಿದ ಗದ್ದಲವನ್ನು ಹಿಂಬಾಗಿಲಿನಿಂದ ಕರೆದಂತೆ.

ಮೀಡಿಯಂ ವೇವ್‌ಗೆ ಇದಾವುದೂ ಇಲ್ಲದೆಯೂ ನಡೆಯುತ್ತದೆ. ರೇಡಿಯೊದೊಳಗೆ ಆಂಟೆನಾ ಆಗಿರುವ ಫೆರೈಟ್ ಕೋಲಿಗೂ ಅದರ ತುದಿಗಳ ದಿಕ್ಕಿನಲ್ಲಿ ಇದೇ ಕಿವುಡು ಇದೆ. ಟೋಕಿಯೊದ ಎನ್‌ಎಚ್‌ಕೆ 594 ಕಿಲೋಹರ್ಟ್ಸ್‌ನಲ್ಲಿ 300 ಕಿಲೋವ್ಯಾಟ್ ಬಲದ್ದು. ಅದರ ಮೇಲೆ ಬೇರೆ ನಿಲಯ ಕೂತಿದ್ದರೆ, ರೇಡಿಯೊವನ್ನೇ ತಿರುಗಿಸಿ ಮೇಲಿನದನ್ನು ಅಡಗಿಸಿ ನೋಡಬೇಕು. ಹಗಲು ಬೇಡ, ಅಯಾನುಗೋಳದ ಕೆಳಭಾಗದ ಡಿ ಪದರ ಸಿಗ್ನಲನ್ನು ನುಂಗುತ್ತದೆ.

ಡಾಂಗಲ್ ಕಣ್ಣಿಗೆ ಹಬ್ಬ, ಸಿಗ್ನಲ್‌ಗಳನ್ನು ಪರದೆಯ ಮೇಲೆ ಗೆರೆಗಳಾಗಿ ತೋರಿಸುತ್ತದೆ. ಅಗ್ಗದ ಮಾದರಿಗಳು ಸಿಗ್ನಲನ್ನು ಅಳೆಯುವ ಸೂಕ್ಷ್ಮತೆಯಲ್ಲಿ 8 ಬಿಟ್‌ನವು, ಬಲವಾದ ಸಿಗ್ನಲ್ ಹತ್ತಿರವಿದ್ದರೆ ತತ್ತರಿಸುತ್ತವೆ. ಶಾರ್ಟ್‌ವೇವ್ ಹಿಡಿಯಲು ಕಂಪನಾಂಕವನ್ನು ಮೇಲಕ್ಕೇರಿಸುವ ಅಪ್‌ಕನ್ವರ್ಟರ್ ಅಥವಾ ಸಿಗ್ನಲನ್ನು ನೇರವಾಗಿ ಅಂಕಿಗೆ ಇಳಿಸುವ ಡೈರೆಕ್ಟ್ ಸ್ಯಾಂಪ್ಲಿಂಗ್ ಬೇಕು. ಕೇಳಲು ನಾನು ರೇಡಿಯೊವನ್ನೇ ಇಷ್ಟಪಡುತ್ತೇನೆ. ಆದರೆ ರೇಡಿಯೊ ತೈವಾನ್ ಇಂಟರ್‌ನ್ಯಾಷನಲ್‌ನ ಚೀನೀ ಪ್ರಸಾರದ ಮೇಲೆ ಚೀನಾ ತನ್ನ ರಾಷ್ಟ್ರೀಯ ರೇಡಿಯೊವನ್ನು ಹೇರುತ್ತದಲ್ಲ, ಅದನ್ನು ಬಿಡಿಸಿ ನೋಡಲು ಇದೇ ಸರಿ: ಕಿವಿಗೆ ಗೋಜಲಾದದ್ದು ಪರದೆಯನ್ನು ಹಿಗ್ಗಿಸಿದರೆ ಕೆಲವೇ ಹರ್ಟ್ಸ್ ಅಂತರದ ಪ್ರತ್ಯೇಕ ಗೆರೆಗಳಾಗಿ ಕಾಣಬಹುದು.

ಅಂತರ್ಜಾಲದ ‘ಕಿವಿ ಎಸ್‌ಡಿಆರ್’ (KiwiSDR) ಎಂಬ ರಿಸೀವರ್‌ಗಳು 10 ಕಿಲೋಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್‌ವರೆಗೆ, 14 ಬಿಟ್‌ನಲ್ಲಿ ಕೇಳಿಸುತ್ತವೆ. ಜಪಾನಿನ ಒಂದನ್ನು ತೆರೆದರೆ ಅಲ್ಲಿನ ರೇಡಿಯೊ ನಿಕ್ಕೇಯಿ ನಿಲಯ 6055 ಕಿಲೋಹರ್ಟ್ಸ್‌ನಲ್ಲಿ ಪಕ್ಕದ ಮನೆಯಷ್ಟು ಸ್ಪಷ್ಟ. ನನ್ನ ಲಾಗ್ ಪುಸ್ತಕಕ್ಕೆ ಅದು ಸೇರುವುದಿಲ್ಲ. ಆದರೆ ನನ್ನ ಲೂಪ್‌ನಲ್ಲಿ ಮಸುಕಾಗಿ ಕೇಳಿದ್ದು ನಿಜವಾಗಿ ಅದೇ ಹೌದೇ ಎಂದು ಅಲ್ಲಿ ತಾಳೆ ನೋಡುತ್ತೇನೆ. ಹಾಗೆ ಅಂತರ್ಜಾಲದಲ್ಲಿ ಕೇಳಿದ್ದಕ್ಕೇ ಕ್ಯೂಎಸ್‌ಎಲ್ ಕಾರ್ಡ್ (ಕೇಳಿದ್ದು ನಿಜವೆಂದು ನಿಲಯ ಕಳಿಸುವ ದೃಢೀಕರಣ) ಬೇಡುವವರು ವರದಿಯಲ್ಲಿ ಆ ರಿಸೀವರ್ ಇರುವ ಊರನ್ನು ಬರೆಯಲೇಬೇಕು.

ಯಾವುದನ್ನು ಕೊಂಡರೂ ಬೈಯುವ ಮೊದಲು ವೇಳಾಪಟ್ಟಿ ನೋಡಿ. ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಅನೇಕ ಶಾರ್ಟ್‌ವೇವ್ ನಿಲಯಗಳ ಕಂಪನಾಂಕಗಳು ಬದಲಾಗುತ್ತವೆ. ಹಳೆಯ ಜಾಗದಲ್ಲಿ ಎಂಥ ಲೂಪ್ ತಿರುಗಿಸಿದರೂ ಪ್ಯೊಂಗ್‌ಯಾಂಗ್ ಸಿಗುವುದಿಲ್ಲ.