ಬಲವಾದ ಸ್ಪ್ರಿಂಗೋ, ಹಗುರ ಪೆಲೆಟ್ಟೋ, ಇದ್ದ ಸ್ಪ್ರಿಂಗೇ ಸಾಕೋ: ಏರ್ ರೈಫಲ್‌ನ ವೇಗದ ಬಗ್ಗೆ ಒಂದು ಹೋಲಿಕೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲಿ, ಅಡಿಕೆ ಒಣಗಿಸುವ ಅಂಗಳದ ಒಂದು ಬದಿಗೆ, ಮುರಕಲ್ಲಿನ ಪಾಗಾರಕ್ಕೆ ತಾಗಿಕೊಂಡು 25 ಮೀಟರ್ ಉದ್ದದ ಖಾಲಿ ಜಾಗವಿದೆ. ಅದರ ಕೊನೆಯಲ್ಲಿ ಮರಳು ತುಂಬಿದ ಮರದ ಪೆಟ್ಟಿಗೆಯನ್ನಿಟ್ಟು, ಅದಕ್ಕೆ ಕಾಗದದ ಗುರಿಯನ್ನು ಅಂಟಿಸಿ, ಸ್ಪ್ರಿಂಗ್ ನೂಕಿದ ಪಿಸ್ಟನ್ ಗಾಳಿಯನ್ನು ಒತ್ತಿ, ಪೆಲೆಟ್ ಎಂಬ ಚಿಕ್ಕ ಲೋಹದ ಗುಂಡನ್ನು ಹಾರಿಸುವ 4.5 ಮಿ.ಮೀ. ಒಳವ್ಯಾಸದ ಸ್ಪ್ರಿಂಗ್ ಏರ್ ರೈಫಲ್‌ನಿಂದ ನಾನು ಹಲವು ವರ್ಷಗಳಿಂದ ಅಭ್ಯಾಸ ಮಾಡುತ್ತಿದ್ದೇನೆ. ಕಾಗದವನ್ನು ಬಿಟ್ಟು ಬೇರೆ ಯಾವುದಕ್ಕೂ ನಾನು ಗುರಿಯಿಡುವುದಿಲ್ಲ. ಹಕ್ಕಿಗೋ ಮಂಗನಿಗೋ ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವಾಗುವುದು ಒಂದು ಕಾರಣವಾದರೆ, ಅದು ನನಗೆ ಮನಸ್ಸಿಲ್ಲದ ಕೆಲಸ ಎಂಬುದು ಇನ್ನೊಂದು ಕಾರಣ.

ವೇಗ ಹೆಚ್ಚಿಸುವ ಯೋಚನೆ ಬಂದದ್ದು ಅಮೆರಿಕದಲ್ಲಿರುವ ದೊಡ್ಡಪ್ಪನ ಮಗನ ಮಾತಿನಿಂದ. ಅಲ್ಲಿ ಬೇಟೆಯ ರೈಫಲ್ ಇರುವವರು ಅದರ ಚೇಂಬರನ್ನು, ಅಂದರೆ ತೋಟೆ ಕೂರುವ ಗೂಡನ್ನು, ಇನ್ನಷ್ಟು ಕೊರೆಸಿ, ಹೆಚ್ಚು ಮದ್ದು ಹಿಡಿಯುವ ತೋಟೆಗೆ ಹೊಂದಿಸಿಕೊಳ್ಳುವುದುಂಟು; .30-06 ಎಂಬ ತೋಟೆಯ ರೈಫಲನ್ನು ಆಕ್ಲಿ ಇಂಪ್ರೂವ್ಡ್ ಮಾದರಿಗೆ ಬದಲಿಸುವುದು ಇದಕ್ಕೊಂದು ಪ್ರಸಿದ್ಧ ಉದಾಹರಣೆ. ಅವನ ಗೆಳೆಯರೊಬ್ಬರು ಹಾಗೆ ಮಾಡಿಸಿಕೊಂಡಿದ್ದರಂತೆ. ನನ್ನ ಏರ್ ರೈಫಲ್‌ನಲ್ಲಿ ಚೇಂಬರ್ ಕೊರೆಯುವ ಪ್ರಶ್ನೆಯೇ ಇಲ್ಲವಾದರೂ, ವೇಗವನ್ನು ಹೆಚ್ಚಿಸುವ ದಾರಿಗಳು ಇಲ್ಲಿಯೂ ಇವೆ. ಬಲವಾದ ಸ್ಪ್ರಿಂಗ್ ಹಾಕಿಸಬಹುದು, ಇದ್ದ ಸ್ಪ್ರಿಂಗನ್ನೇ ಇಟ್ಟುಕೊಂಡು ಹಗುರವಾದ ಪೆಲೆಟ್ ಬಳಸಬಹುದು, ಇಲ್ಲವೇ ಸ್ಪ್ರಿಂಗನ್ನು ತೆಗೆಸಿ, ಒತ್ತಿದ ಅನಿಲ ತುಂಬಿ ಮುಚ್ಚಿದ ಕೊಳವೆಯಾದ ಗ್ಯಾಸ್ ರಾಮ್ ಕೂರಿಸಬಹುದು.

ಸೋದರಮಾವನ ಬಳಿ ಬೆಳೆ ರಕ್ಷಣೆಯ ಲೈಸನ್ಸಿನ ನಳಿಗೆಗೆ ಮದ್ದು ತುಂಬಿ ಹೊಡೆಯುವ ಹಳೆಯ ಕೇಪಿನ ಕೋವಿಯೊಂದಿದೆ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಯಲ್ಲಿಟ್ಟು ಮತ್ತೆ ತರುತ್ತಾರೆ. ನನ್ನ ಯೋಚನೆಯನ್ನು ಕೇಳಿ ಅವರು ಹೇಳಿದ್ದಿಷ್ಟು: “ಮದ್ದು ಹೆಚ್ಚಾದ ದಿನವೇ ನನ್ನ ಕೋವಿ ಗುರಿ ತಪ್ಪುವುದು, ಅಳಿಯಾ. ಸ್ಪ್ರಿಂಗ್ ಬದಲಿಸುವ ಮೊದಲು ಹಳೆಯದರಲ್ಲೇ ನೂರು ಗುಂಡು ಹೊಡೆದು, ಎಲ್ಲೆಲ್ಲಿ ಬಿತ್ತು ಅಂತ ಬರೆದಿಡು.” ನಾನು ಹಾಗೆಯೇ ಮಾಡಿದೆ. ಆ ನೂರು ಗುಂಡುಗಳ ಲೆಕ್ಕ ಇಲ್ಲದೇ ಹೋಗಿದ್ದರೆ ಮುಂದಿನ ಯಾವ ಹೋಲಿಕೆಗೂ ಬೆಲೆ ಇರುತ್ತಿರಲಿಲ್ಲ.

ಮೂಲ ಸ್ಪ್ರಿಂಗ್‌ನಲ್ಲಿ, 0.54 ಗ್ರಾಂ ತೂಕದ ಗುಂಡುತಲೆಯ ಪೆಲೆಟ್, ವೇಗ ಅಳೆಯುವ ಉಪಕರಣವಾದ ಕ್ರೋನೋಗ್ರಾಫ್‌ನ ಮೇಲೆ ಸೆಕೆಂಡಿಗೆ ಸರಾಸರಿ 225 ಮೀಟರ್ ವೇಗವನ್ನು ತೋರಿಸಿತು. ಅಂದರೆ ನಳಿಗೆಯ ಬಾಯಿಯಲ್ಲಿ ಸುಮಾರು 13.7 ಜೂಲ್ ಶಕ್ತಿ. ಐದೈದು ಗುಂಡುಗಳ ಗುಂಪುಗಳನ್ನು ಅಳೆದಾಗ, ಅತಿ ದೂರದ ಎರಡು ತೂತುಗಳ ನಡುವಿನ ಅಂತರ 25 ಮೀಟರಿನಲ್ಲಿ ಸರಾಸರಿ 2.4 ಸೆ.ಮೀ. ಬಂತು.

ಅನಂತರ ಬಲವಾದ ಸ್ಪ್ರಿಂಗನ್ನು ಕಸುಬು ಬಲ್ಲವರೊಬ್ಬರಿಂದ ಹಾಕಿಸಿದೆ. ಮೊದಲ ದಿನದ ಅಂಕಿಗಳನ್ನು ನೋಡಿ ನನಗೆ ಬಹಳ ಸಂತೋಷವಾಯಿತು: 262, 281, 270, 278. ಆದರೆ ಪ್ರತಿ ಗುಂಡಿಗೂ ನಳಿಗೆಯ ಬಾಯಿಯಿಂದ ತೆಳುವಾದ ನೀಲಿ ಹೊಗೆ ಹೊರಟು, ಸುಟ್ಟ ಎಣ್ಣೆಯ ವಾಸನೆ ಅಂಗಳದಲ್ಲೆಲ್ಲ ತುಂಬಿಕೊಂಡಿತ್ತು, ಶಬ್ದವೂ ಎಂದಿನ ‘ಟಪ್’ ಆಗಿರದೆ ಪಟಾಕಿಯಂತೆ ಒಡೆಯುತ್ತಿತ್ತು. ಸ್ಪ್ರಿಂಗ್ ಕೂರಿಸುವಾಗ ಹಚ್ಚಿದ ಗ್ರೀಸ್ ಪಿಸ್ಟನ್‌ನ ಮುಂದಕ್ಕೆ ಜಾರಿತ್ತು. ಗಾಳಿ ಒಮ್ಮೆಲೇ ಒತ್ತಿ ಬಿಸಿಯೇರಿದಾಗ ಅದಕ್ಕೆ ಕಿಡಿ ಹತ್ತುತ್ತಿತ್ತು. ಡೀಸೆಲ್ ಎಂಜಿನ್ನಿನ ಸಿಲಿಂಡರಿನಲ್ಲಿ ನಡೆಯುವುದೂ ಇದೇ ಕ್ರಿಯೆ. ಅಂದು ನಾನು ಅಳೆದ ವೇಗ ಸ್ಪ್ರಿಂಗ್‌ನದ್ದಾಗಿರದೆ ಉರಿದ ಗ್ರೀಸ್‌ನದ್ದಾಗಿತ್ತು.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಒಳವ್ಯಾಸವನ್ನಾಗಲಿ 20 ಜೂಲ್ ಶಕ್ತಿಯನ್ನಾಗಲಿ ಮೀರಿದ ಏರ್ ರೈಫಲ್‌ಗೆ ಲೈಸನ್ಸ್ ಬೇಕು. 0.54 ಗ್ರಾಂ ಪೆಲೆಟ್ 281 ಮೀಟರ್ ವೇಗದಲ್ಲಿ ಹೋದರೆ ಅದರ ಶಕ್ತಿ 21 ಜೂಲ್ ದಾಟುತ್ತದೆ. ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ವೇಗ ಕಾಲು ಭಾಗ ಹೆಚ್ಚಿದರೆ ಶಕ್ತಿ ಅರ್ಧಕ್ಕಿಂತ ಹೆಚ್ಚು ಬೆಳೆಯುತ್ತದೆ. ವಿನೋದಕ್ಕಾಗಿ ಸ್ಪ್ರಿಂಗ್ ಬದಲಿಸಿದವನು ತನಗೆ ಅರಿವಿಲ್ಲದೆಯೇ ಕಾನೂನಿನ ಗೆರೆಯನ್ನು ದಾಟಿರಬಹುದು. ನಾನು ಅಂದೇ ಹೊಡೆಯುವುದನ್ನು ನಿಲ್ಲಿಸಿ, ರೈಫಲನ್ನು ಬಿಚ್ಚಿಸಿ, ಸಿಲಿಂಡರನ್ನು ಒರೆಸಿಸಿದೆ.

ಒರೆಸಿದ ಮೇಲೆ ಅದೇ ಸ್ಪ್ರಿಂಗ್ ಸೆಕೆಂಡಿಗೆ 245 ಮೀಟರ್ ವೇಗದಲ್ಲಿ ನೆಲೆಗೊಂಡಿತು. ಶಕ್ತಿ ಸುಮಾರು 16.2 ಜೂಲ್. ಸಿಕ್ಕಿದ ಲಾಭ ಸೆಕೆಂಡಿಗೆ 20 ಮೀಟರ್. 25 ಮೀಟರ್ ಸಾಗುವಷ್ಟರಲ್ಲಿ ಹಳೆಯ ವೇಗದ ಪೆಲೆಟ್ ಸುಮಾರು 7 ಸೆ.ಮೀ. ಕೆಳಗಿಳಿದರೆ ಹೊಸ ವೇಗದ್ದು ಸುಮಾರು 6 ಸೆ.ಮೀ. ಇಳಿಯುತ್ತದೆ. ಈ ಒಂದು ಸೆಂಟಿಮೀಟರನ್ನು ಗುರಿ ನೋಡುವ ಸೈಟ್‌ನ ತಿರುಪು ಒಂದೆರಡು ಕ್ಲಿಕ್ಕಿನಲ್ಲಿ ಸರಿಪಡಿಸುತ್ತದೆ, ಅದಕ್ಕೆ ಖರ್ಚೇನೂ ಇಲ್ಲ. ಗುಂಪಿನ ಅಳತೆ ಮಾತ್ರ 2.4 ಸೆ.ಮೀ.ನಿಂದ 4.1 ಸೆ.ಮೀ.ಗೆ ಹರಡಿತು, ಮತ್ತು ಅದನ್ನು ಸರಿಪಡಿಸುವ ತಿರುಪು ಯಾವ ಸೈಟ್‌ನಲ್ಲೂ ಇಲ್ಲ.

ಸ್ಪ್ರಿಂಗ್ ರೈಫಲ್‌ನಲ್ಲಿ ಟ್ರಿಗರ್ ಎಳೆದ ಕೂಡಲೇ ಭಾರವಾದ ಪಿಸ್ಟನ್ ಮುಂದಕ್ಕೆ ನುಗ್ಗುವುದರಿಂದ ರೈಫಲ್ ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ಕೊನೆಯಲ್ಲಿ ಒತ್ತಿದ ಗಾಳಿಗೆ ತಡೆದು ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಇವೆಲ್ಲ ಪೆಲೆಟ್ ನಳಿಗೆಯನ್ನು ಬಿಡುವ ಮೊದಲೇ ಶುರುವಾಗುತ್ತವೆ. ಸ್ಪ್ರಿಂಗ್ ಬಲವಾದಷ್ಟೂ ಈ ಅಲುಗಾಟ ಹೆಚ್ಚುತ್ತದೆ, ಹಿಡಿತದಲ್ಲಿನ ಚಿಕ್ಕ ತಪ್ಪೂ ಗುರಿಯಲ್ಲಿ ದೊಡ್ಡದಾಗಿ ಕಾಣುತ್ತದೆ. ಹಳೆಯ ಸ್ಪ್ರಿಂಗ್‌ನಲ್ಲಿ ರೈಫಲನ್ನು ಎಡ ಅಂಗೈಯ ಮೇಲೆ ಹಿಡಿಯದೆ ಸುಮ್ಮನೆ ಒರಗಿಸಿದರೆ ಸಾಕಾಗುತ್ತಿತ್ತು. ಹೊಸದರಲ್ಲಿ ಅಂಗೈ ಬೆರಳಿನಷ್ಟು ಹಿಂದೆ ಮುಂದೆ ಸರಿದರೂ ಗುಂಪು ಬೇರೆ ಕಡೆಗೆ ಹೋಗುತ್ತಿತ್ತು. ಮೂರನೆಯ ವಾರ, ಗುರಿ ನೋಡಲು ರೈಫಲ್‌ನ ಮೇಲೆ ಕೂರಿಸಿದ ದುರ್ಬೀನಿನ ಕಟ್ಟಿನ ಸ್ಕ್ರೂಗಳು ಸಡಿಲಾಗಿ, ಅದು ಹಳಿಯ ಮೇಲೆ ಎರಡು ಮಿ.ಮೀ. ಹಿಂದಕ್ಕೆ ಜಾರಿದ ಗೀರು ಈಗಲೂ ಕಾಣುತ್ತದೆ. ನಳಿಗೆ ಮಡಚಿ ಸ್ಪ್ರಿಂಗ್ ಎಳೆಯುವ ಶ್ರಮವೂ ಹೆಚ್ಚಿತು; ನಲವತ್ತು ಗುಂಡುಗಳ ಬಳಿಕ ಕೈ ನಡುಗಿದರೆ ಕೊನೆಯ ಹತ್ತರ ಅಂಕಿಗಳನ್ನು ನಂಬುವಂತಿಲ್ಲ.

ಹಗುರ ಪೆಲೆಟ್‌ನ ಪರೀಕ್ಷೆ ಸುಲಭವಾಗಿತ್ತು. ಮೂಲ ಸ್ಪ್ರಿಂಗನ್ನು ಮರಳಿ ಹಾಕಿಸಿ, 0.45 ಗ್ರಾಂ ತೂಕದ ಚಪ್ಪಟೆ ತಲೆಯ ಪೆಲೆಟ್ ಬಳಸಿದಾಗ ಬಾಯಿಯಲ್ಲಿ ಅದೇ 245 ಮೀಟರ್ ಸಿಕ್ಕಿತು, ಅದೂ ಬಿಡಿಭಾಗಕ್ಕೆ ಒಂದು ಪೈಸೆ ಖರ್ಚಿಲ್ಲದೆ. ಕ್ರೋನೋಗ್ರಾಫನ್ನು ಗುರಿಯ ಹತ್ತಿರ, ಮುಂದೆ ದಪ್ಪ ಹಲಗೆಯ ರಕ್ಷಣೆ ಕೊಟ್ಟು ಇರಿಸಿ ಅಳೆದಾಗ ನಿಜ ಸ್ಥಿತಿ ತಿಳಿಯಿತು. ಅಲ್ಲಿಗೆ ಮುಟ್ಟುವಾಗ ಹಗುರ ಪೆಲೆಟ್‌ನ ವೇಗ 190 ಮೀಟರಿಗೆ ಇಳಿದಿದ್ದರೆ, 225ರಲ್ಲಿ ಹೊರಟ ಗುಂಡುತಲೆಯ ಪೆಲೆಟ್ 198ರಲ್ಲಿತ್ತು. ಚಪ್ಪಟೆ ತಲೆಯನ್ನು ಗಾಳಿ ಹೆಚ್ಚು ತಡೆಯುತ್ತದೆ, ತೂಕ ಕಡಿಮೆಯಾದ್ದರಿಂದ ಆ ತಡೆಯನ್ನು ಮೀರುವ ಕಸುವೂ ಅದಕ್ಕಿಲ್ಲ. ಗುಂಪು 3.2 ಸೆ.ಮೀ. ಬಂತು. ಆದರೆ 10 ಮೀಟರಿನಲ್ಲಿ ಅದೇ ಪೆಲೆಟ್ ಬಹಳ ಒಳ್ಳೆಯದು; ಕಾಗದದಲ್ಲಿ ಒತ್ತಿ ಕತ್ತರಿಸಿದಂತೆ ದುಂಡಗಿನ ತೂತು ಬೀಳುವುದರಿಂದ ಅಂಕ ಎಣಿಸುವುದು ಸಲೀಸು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಕೇವಲ 0.5 ಮಿ.ಮೀ. ಅಂತಹ ಸ್ಪರ್ಧೆಯ ರೈಫಲ್‌ಗಳ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 170ರಿಂದ 180 ಮೀಟರ್, ನನ್ನ ಮೂಲ ಸ್ಪ್ರಿಂಗ್‌ಗಿಂತಲೂ ಕಡಿಮೆ.

ಗ್ಯಾಸ್ ರಾಮ್ ಹಾಕಿದ ರೈಫಲನ್ನು ಪರಿಚಯದವರಿಂದ ತಂದು ಒಂದು ಸಂಜೆ ಮಾತ್ರ ಪರೀಕ್ಷಿಸಿದೆ. ಸ್ಪ್ರಿಂಗ್‌ನ ಝೇಂಕಾರವಿಲ್ಲ, ಗುಂಪು 2.7 ಸೆ.ಮೀ. ಆದರೆ ಗ್ಯಾಸ್ ಸೋರಿದರೆ ಇಡೀ ರಾಮ್ ಬದಲಿಸಬೇಕು, ಅದನ್ನು ಮಾಡಿಕೊಡುವವರು ನಮ್ಮ ಸುತ್ತಮುತ್ತ ನನಗೆ ಸಿಗಲಿಲ್ಲ.

ನಾನು ಮೂಲ ಸ್ಪ್ರಿಂಗ್ ಮತ್ತು 0.54 ಗ್ರಾಂ ಪೆಲೆಟ್ ಅನ್ನೇ ಉಳಿಸಿಕೊಂಡಿದ್ದೇನೆ. ಬಲವಾದ ಸ್ಪ್ರಿಂಗ್ ಎಣ್ಣೆಕಾಗದದಲ್ಲಿ ಸುತ್ತಿ ಕಪಾಟಿನಲ್ಲಿದೆ. ಅದಕ್ಕೆ ಕೊಟ್ಟಿದ್ದ ಹಣದಲ್ಲಿ ಹೊಸ ಪಿಸ್ಟನ್ ಸೀಲ್ ಒಂದನ್ನೂ ನಾಲ್ಕು ಡಬ್ಬಿ ಪೆಲೆಟ್‌ಗಳನ್ನೂ ತರಿಸಬಹುದಿತ್ತು. ಸೀಲನ್ನು ಈಗ ತರಿಸಿದ್ದೇನೆ. ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆ ಕಳೆದು ಮಳೆ ಹಿಡಿಯುವ ಮೊದಲು ಅದನ್ನು ಹಾಕಿಸಿ, ಮತ್ತೆ ನೂರು ಗುಂಡು ಹೊಡೆದು ಬರೆದಿಡಬೇಕಾಗಿದೆ.