ಎಚ್‌ಒ ಹಳಿಗೆ ಯಾವ ಡೀಸೆಲ್ ಎಂಜಿನ್: ಜಿಪಿ38-2 ಅಥವಾ ಎಸ್‌ಡಿ40-2?

ಅಮೆರಿಕದ ಇಎಂಡಿ ಕಂಪನಿಯು 1972ರಲ್ಲಿ ಹೊರತಂದ ಈ ಎರಡು ರೈಲು ಎಂಜಿನ್‌ಗಳ ಎಚ್‌ಒ, ಅಂದರೆ 1:87 ಅಳತೆಯ, ಪುಟ್ಟ ಮಾದರಿಗಳಲ್ಲಿ ಒಂದನ್ನು ಆರಿಸುವವರು ಬೆಲೆಗಿಂತ ಮೊದಲು ತಮ್ಮ ಹಳಿಯ ತಿರುವನ್ನು ಅಳೆಯಬೇಕು. ನಾಲ್ಕು ಆಕ್ಸಲ್‌ಗಳ ಜಿಪಿ38-2 ಮಾದರಿ ಸುಮಾರು 21 ಸೆಂ.ಮೀ. ಉದ್ದವಿದ್ದು, ಆರಂಭಿಕ ಸೆಟ್‌ಗಳಲ್ಲಿ ಸಾಮಾನ್ಯವಾಗಿರುವ 18 ಅಂಗುಲ ತ್ರಿಜ್ಯದ ತಿರುವಿನಲ್ಲಿಯೂ ಸಲೀಸಾಗಿ ಸಾಗುತ್ತದೆ. ಆರು ಆಕ್ಸಲ್‌ಗಳ ಎಸ್‌ಡಿ40-2 ಸುಮಾರು 24 ಸೆಂ.ಮೀ. ಉದ್ದವಿರುವುದರಿಂದ, ಅದೇ ತಿರುವಿನಲ್ಲಿ ಅದರ ಮೂತಿ ಹೊರಚಾಚಿ, ಬೋಗಿಯನ್ನು ಜೋಡಿಸುವ ಕೊಂಡಿ (ಕಪ್ಲರ್) ಪಕ್ಕಕ್ಕೆ ಸರಿದು, ಹಿಂದಿನ ಹಗುರವಾದ ಬೋಗಿಯನ್ನು ಹಳಿಯಿಂದ ಎಳೆದು ಬೀಳಿಸುವ ಸಂಭವವಿದೆ. ಅದಕ್ಕೆ 22 ಅಂಗುಲ ಅಥವಾ ಅದಕ್ಕೂ ಅಗಲವಾದ ತಿರುವು ಬೇಕು.

ನೋಟದಲ್ಲಿ ಮಾತ್ರ ಎಸ್‌ಡಿಗೆ ನನ್ನ ಮತ. ಹುಬ್ಬಳ್ಳಿಯ ಶೆಡ್ಡಿನ ಡಬ್ಲ್ಯುಡಿಜಿ-4 ಎಂಜಿನ್‌ಗಳೂ ಇಎಂಡಿ ವಿನ್ಯಾಸದ ಆರು ಆಕ್ಸಲ್‌ನವೇ. ಆದರೂ ಮೇಜಿನಗಲದ ಹಳಿಗೆ, ಅದರಲ್ಲೂ ಯಾರ್ಡಿನಲ್ಲಿ ಬೋಗಿ ಜೋಡಿಸುವ ಆಟಕ್ಕೆ, ಜಿಪಿ38-2 ಸೂಕ್ತ. ಯಾವುದನ್ನೇ ಕೊಂಡರೂ ಎಲ್ಲ ಗಾಲಿಗಳಿಗೂ ಮೋಟಾರಿನ ಚಾಲನೆಯಿದೆಯೇ, ಹಳಿ ಕವಲೊಡೆಯುವ ಪಾಯಿಂಟ್‌ಗಳ ಮೇಲೆ ನಿಧಾನವಾಗಿ ಚಲಿಸುವಾಗ ಎಂಜಿನ್ ತಡವರಿಸುತ್ತದೆಯೇ ಎಂಬುದನ್ನು ಅಂಗಡಿಯಲ್ಲಿಯೇ ಓಡಿಸಿ ನೋಡುವುದು ಒಳಿತು.